ಜಾಂಬಣ್ಣನ ಕಾಲಡಿಯ ತಲೆ

ನಮ್ಮೂರ ಬಾಗಿಲಿನ ಕರಡಿಯನ್ನು ವರ್ಷಕ್ಕೊಮ್ಮೆ ಗುರಾಣಿ ಕಲ್ಲಿನಿಂದ ಕೆಳಗಿಳಿಸುವುದು, ಕಲ್ಲು ತೊಳೆದಾದ ಮೇಲೆ ಮತ್ತೆ ಹತ್ತಿಸುವುದು ನಮ್ಮ ಮನೆಯ ಹೆಂಗಸರ ಕೆಲಸ. ನಮ್ಮಜ್ಜಿ ಮಾಡಿದಳು, ನಮ್ಮವ್ವ ಮಾಡಿದಳು, ಈಗ ನಾನು ಮಾಡುತ್ತಿದ್ದೇನೆ. ನನ್ನ ಹೆಸರು ಸಣ್ಣತಾಯಮ್ಮ. ಊರಿನವರು ತಾಯಕ್ಕ ಅನ್ನುತ್ತಾರೆ, ನನ್ನ ಬಾಯಿಗೆ ಹೆದರುವವರು ತಾಯಮ್ಮನೋರೇ ಅನ್ನುತ್ತಾರೆ. ಇವಳಿಗೆ ಜಂಭ ಜಾಸ್ತಿ ಅಂತ ಬೆನ್ನ ಹಿಂದೆ ಮಾತಾಡುವವರೂ ಇದ್ದಾರೆ. ಮಾತಾಡಿಕೊಳ್ಳಲಿ. ಇಡೀ ಊರು ಕತ್ತೆತ್ತಿ ನೋಡುವ ಕರಡಿ ನನ್ನ ತಲೆಯ ಮೇಲೆ ಕಾಲಿಟ್ಟು ಹತ್ತುತ್ತದೆ ಅಂದಮೇಲೆ ಒಂಚೂರು ಜಂಭ ಇರಬೇಡವೇ?

ಊರಬಾಗಿಲಿನ ಬಲಗಡೆ ಗೋಡೆಯಲ್ಲಿ, ಎರಡಾಳೆತ್ತರದಲ್ಲಿ, ಗುರಾಣಿಯ ಆಕಾರದ ಒಂದು ಕರಿಕಲ್ಲು ಇದೆ. ಅದರೊಳಗೆ ನಿಂತಿರುವವನೇ ನಮ್ಮ ಕರಡಿ. ಊರು ಅವನನ್ನು ಜಾಂಬಣ್ಣ ಅನ್ನುತ್ತದೆ. ಒಂದು ಕಾಲು ಕಲ್ಲಿನ ಅಂಚಿನ ಮೇಲೆ, ಇನ್ನೊಂದು ಕಾಲು ಗುಂಡನೆಯ ಒಂದು ಉಬ್ಬಿನ ಮೇಲೆ. ಆ ಉಬ್ಬಿಗೂ ಅವನ ಪಾದಕ್ಕೂ ನಡುವೆ ದಪ್ಪ ಬಳೆಯಂಥ ಒಂದು ಸುತ್ತು. ಇಷ್ಟೇ ನಮ್ಮೂರ ಲಾಂಛನ. ಪುರಸಭೆಯ ಮೊಹರಿನಲ್ಲಿ ಇದೇ, ಶಾಲೆ ಮಕ್ಕಳ ಬಿಲ್ಲೆಯಲ್ಲಿ ಇದೇ, ಬೇಕರಿಯ ಬ್ರೆಡ್ಡಿನ ಕವರಿನ ಮೇಲೂ ಇದೇ.

ತೊಳೆಯುವ ದಿನ ನಾನು ಏಣಿ ಹಾಕಿ ಮೊದಲ ಬಿಂದಿಗೆ ನೀರು ಸುರಿದ ಕೂಡಲೇ ಜಾಂಬಣ್ಣ ಮೈ ಕೊಡವಿಕೊಂಡು ದೊಪ್ಪನೆ ಕೆಳಗೆ ಹಾರುತ್ತಾನೆ. ನಾನು ಸೀಗೆಪುಡಿ, ತೆಂಗಿನ ನಾರು ಹಿಡಿದು ಕಲ್ಲು ಉಜ್ಜುತ್ತಿದ್ದರೆ ಅವನು ಪೇಟೆ ಸುತ್ತಲು ಹೊರಡುತ್ತಾನೆ. ಬೆಲ್ಲದ ಮಂಡಿಯವರು ಅವತ್ತು ಒಂದು ಉಂಡೆ ಹೊರಗಿಟ್ಟು ಉಳಿದದ್ದರ ಮೇಲೆ ಚಾಪೆ ಹೊದಿಸುತ್ತಾರೆ. ಕ್ಷೌರದ ಅಂಗಡಿಯವನು ಅವನ ಬೆನ್ನು ಬಾಚಿ ಕಳಿಸುತ್ತಾನೆ. ಬಸ್ಸಿನವರು ಹಾರ್ನ್ ಹೊಡೆಯುವುದಿಲ್ಲ. ಅವನು ಕೆಳಗಿರುವಷ್ಟು ಹೊತ್ತು ಊರಿನ ಮೊಹರು ಒತ್ತಿದರೆ ಬರೀ ಗುಂಡು ಮೂಡುತ್ತದೆ, ಮಕ್ಕಳ ಬಿಲ್ಲೆಯಲ್ಲೂ ಬರೀ ಗುಂಡೇ. ಹಾಗಾಗಿ ಅವತ್ತು ಮದುವೆ ನೋಂದಣಿ, ಮನೆ ನೋಂದಣಿ ಯಾವುದನ್ನೂ ಯಾರೂ ಇಟ್ಟುಕೊಳ್ಳುವುದಿಲ್ಲ.

ಸಂಜೆ ಕಲ್ಲು ಒಣಗಿದ ಮೇಲೆ ನಾನು ಹಳೇ ಸೀರೆ ತುಂಡು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟುಕೊಂಡು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತೇನೆ. ನೀರಿನ ಕೊಡ ಹೊರುವಾಗ ಇಟ್ಟುಕೊಳ್ಳುತ್ತೇವಲ್ಲ, ಅದೇ ಸಿಂಬಿ. ಜಾಂಬಣ್ಣ ಬಂದು ಗೋಡೆಗೆ ಎರಡೂ ಕೈ ಊರಿ, ನನ್ನ ಸಿಂಬಿಯ ಮೇಲೆ ಒಂದು ಕಾಲಿಡುತ್ತಾನೆ. ನಾನು ಏಳಬೇಕು. ತುಂಬಿದ ಹಂಡೆಯನ್ನು ತಲೆ ಮೇಲಿಟ್ಟುಕೊಂಡು ಎದ್ದಂತೆ ಇರುತ್ತದೆ. ನಾನು ಎದ್ದು ನಿಂತರೆ ಅವನು ಗುರಾಣಿಯೊಳಕ್ಕೆ ಹೋಗುತ್ತಾನೆ. ಏಣಿ ಹಾಕಿ ನೋಡಿದ್ದೂ ಉಂಟು, ಮೂಸಿ ನೋಡಿ ಪಕ್ಕಕ್ಕೆ ತಳ್ಳಿದ. ನಮ್ಮ ಮನೆಯ ಹೆಂಗಸರಿಗೆಲ್ಲ ಕತ್ತುನೋವು ಇರುವುದು ಹೀಗಾಗಿ. "ಹಾಳು ಕರಡಿ, ನಿನಗೆ ಮೆಟ್ಟಿಲಾಗೋಕೇ ಹುಟ್ಟಿದ್ದೀವಾ?" ಅಂತ ಪ್ರತಿ ವರ್ಷ ಬೈಯುತ್ತೇನೆ. ಅವನಿಗೆ ನನ್ನ ಬೈಗುಳ ಅಂದರೆ ಬೆಲ್ಲದಷ್ಟೇ ಇಷ್ಟ.

ಲಾಂಛನದ ಕಥೆ ನಮ್ಮೂರಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಹಿಂದೆ ಒಂದು ಬೆಳಗಿನ ಜಾವ ಶತ್ರುಗಳ ಸೈನ್ಯ ಸದ್ದಿಲ್ಲದೆ ಬಂತು. ಊರು ಮಲಗಿತ್ತು. ಎಲ್ಲಿಂದಲೋ ಬಂದ ಕರಡಿ ಊರಬಾಗಿಲಿನ ಗೋಡೆಯ ಮೇಲೆ ನಿಂತು ಅಬ್ಬರಿಸಿತು. ಕುದುರೆಗಳು ಬೆದರಿ ಸವಾರರನ್ನು ಕೆಡವಿ ಓಡಿದವು, ಊರು ಎದ್ದಿತು, ಉಳಿಯಿತು. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಜಗಳ ಇದ್ದದ್ದು ಆ ಗುಂಡಿನ ಬಗ್ಗೆ. ಪೇಟೆ ಬೀದಿಯವರು ಅದು ಚಿನ್ನ ತುಂಬಿದ ಕೊಪ್ಪರಿಗೆ ಅನ್ನುತ್ತಿದ್ದರು. ತೋಟದ ಬೀದಿಯವರು ಕುಂಬಳಕಾಯಿ ಅನ್ನುತ್ತಿದ್ದರು. ಗರಡಿಯವರು ಮಾತ್ರ ಮೀಸೆ ತಿರುವಿ, ಅದು ಶತ್ರುರಾಜನ ತಲೆ, ಮೇಲಿನ ಸುತ್ತು ಅವನ ಕಿರೀಟ, ನಮ್ಮ ಕರಡಿ ಅದನ್ನು ಮೆಟ್ಟಿ ನಿಂತಿದೆ ಅನ್ನುತ್ತಿದ್ದರು. ನಮ್ಮವ್ವನನ್ನು ಕೇಳಿದರೆ "ಎಂಥದೋ ಕಲ್ಲು ಕಣೇ, ಕಾಲೂರೋಕೆ ಇಟ್ಕೊಂಡವ್ನೆ" ಅಂತ ಹೇಳಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನೂ ಅದನ್ನೇ ನಂಬಿದ್ದೆ.

ಗರಡಿಯ ಪೈಲ್ವಾನ್ ಗುರುಪಾದಪ್ಪ ಪುರಸಭೆಗೆ ಅಧ್ಯಕ್ಷನಾಗಿದ್ದು ಊರಹಬ್ಬದ ವರ್ಷವೇ. ಊರು ಉಳಿದ ದಿನವನ್ನು ಈ ಸಲ ಬಲು ಜೋರಾಗಿ ಮಾಡಬೇಕು, ದೂರದಿಂದ ಮಂತ್ರಿಗಳನ್ನು ಕರೆಸಬೇಕು ಅಂತ ತೀರ್ಮಾನವಾಯಿತು. ಗುರುಪಾದಪ್ಪ ಕೆಟ್ಟವನಲ್ಲ. ಬೆಳಗ್ಗೆ ಎದ್ದವನೇ ಜಾಂಬಣ್ಣನಿಗೆ ಕೈ ಮುಗಿಯದೆ ಕಾಫಿ ಕುಡಿಯುವವನಲ್ಲ. ಆದರೆ ತಾನು ನಂಬಿದ್ದನ್ನು ಊರೂ ನಂಬಬೇಕು ಅನ್ನುವ ಹಟ. ಸಭೆಯಲ್ಲಿ ಎದ್ದು ನಿಂತ.

"ಬಂದೋರು ನೋಡಿ ಇದೇನ್ರೀ ಗುಂಡು ಅಂತ ಕೇಳ್ತಾರೆ. ಒಬ್ಬ ಕೊಪ್ಪರಿಗೆ ಅಂತಾನೆ, ಒಬ್ಬ ಕುಂಬಳಕಾಯಿ ಅಂತಾನೆ. ಮಾನ ಮರ್ವಾದೆ ಬ್ಯಾಡ್ವಾ? ಅದು ಶತ್ರುವಿನ ತಲೆ. ಕಣ್ಣು ಮೂಗು ಮೀಸೆ ಬಿಡಿಸಿಬಿಡೋಣ, ಕಿರೀಟಕ್ಕೆ ನಾಲ್ಕು ಮೊನೆ ಮಾಡಿಸೋಣ. ಕೈ ಎತ್ತಿ" ಅಂದ.

ಕೈಗಳು ಎದ್ದವು. ನಾನು ಎದ್ದು ನಿಂತು, "ಅಲ್ಲ ಗುರುಪಾದಪ್ಪ, ಅದರ ಮೇಲೆ ನಿಲ್ಲೋನು ಅವನು. ಅವನನ್ನ ಕೇಳಿದ್ದೀರಾ?" ಅಂದೆ. ಸಭೆ ಗೊಳ್ಳೆಂದು ನಕ್ಕಿತು.

"ತಾಯಕ್ಕ, ಕರಡಿ ಮಾತಾಡ್ತದಾ?" ಅಂದ ಅವನು.

"ನನ್ನತ್ರ ಆಡ್ತಾನೆ" ಅಂದೆ. ಇನ್ನೂ ಜೋರಾಗಿ ನಕ್ಕರು. ಹೊಟ್ಟೆ ಉರಿದುಹೋಯಿತು, ಆದರೆ ಮತ ಮತವೇ.

ತೊಳೆಯುವ ದಿನ ಜಾಂಬಣ್ಣ ಪೇಟೆಗೆ ಹೋದದ್ದೇ ತಡ, ಕಲ್ಕುಟಿಗ ಕಾಳಾಚಾರಿ ಉಳಿ ಸುತ್ತಿಗೆ ಹಿಡಿದು ಏಣಿ ಹತ್ತಿದರು. ನಮ್ಮೂರ ಒರಳು, ರುಬ್ಬುಗುಂಡು, ಹೊಸ್ತಿಲು ಎಲ್ಲ ಅವರ ಕೈಯವೇ. ಸಂಜೆಯ ಹೊತ್ತಿಗೆ ಗುಂಡಿನ ಜಾಗದಲ್ಲಿ ಕಣ್ಣು ಕೆಕ್ಕರಿಸಿಕೊಂಡ ಒಂದು ಮುಖ, ಕಿವಿಯವರೆಗೆ ಮೀಸೆ, ನೆತ್ತಿಯ ಮೇಲೆ ಮೊನೆ ಮೊನೆ ಕಿರೀಟ. ಗರಡಿಯ ಹುಡುಗರು ಶಿಳ್ಳೆ ಹೊಡೆದರು. ನಾನು ಸಿಂಬಿ ಇಟ್ಟುಕೊಂಡು ಕೂತೆ. ಜಾಂಬಣ್ಣ ಬಂದ, ಬಾಯ್ತುಂಬ ಬೆಲ್ಲದ ವಾಸನೆ. ಕಾಲಿಟ್ಟ. ಎದ್ದೆ. ಅವನು ಮೇಲೆ ಹೋಗಲಿಲ್ಲ. ನನ್ನ ತಲೆಯ ಮೇಲೇ ನಿಂತು ಆ ಮುಖವನ್ನು ನೋಡಿದ. ಒಂದು ಸಣ್ಣ ಸದ್ದು ಮಾಡಿದ, ಮಕ್ಕಳು ಅಳುವುದಕ್ಕೆ ಮುಂಚೆ ಮಾಡುತ್ತಾರಲ್ಲ ಅಂಥದ್ದು. ಆಮೇಲೆ ಇಳಿದು ಹೋಗಿ ನಮ್ಮ ಮನೆಯ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ನಾಳೆ ಹತ್ತುತ್ತಾನೆ ಅಂದರು. ಮಾರನೆಯ ದಿನವೂ ಅದೇ. ಮೀಸೆ ದಪ್ಪ ಆಯಿತೇನೋ ಅಂತ ಕಾಳಾಚಾರಿಯವರನ್ನು ಹತ್ತಿಸಿ ಮೀಸೆ ತೆಳ್ಳಗೆ ಮಾಡಿಸಿದರು. ಆಗಲೂ ಇಲ್ಲ. ಕಣ್ಣು ಮುಚ್ಚಿಸಿದರೆ ಹೆದರಿಕೆ ಹೋಗಬಹುದು ಅಂತ ಆ ಕಲ್ಲುಮುಖಕ್ಕೆ ಬಟ್ಟೆ ಕಟ್ಟಿದರು. ಅವನೇನು ಹೆದರಿದ್ದನೇ? ಸೈನ್ಯವನ್ನೇ ಓಡಿಸಿದವನು ಕಲ್ಲಿನ ಮೀಸೆಗೆ ಹೆದರುತ್ತಾನೆಯೇ? ಯಾವುದೂ ನಡೆಯಲಿಲ್ಲ.

ಅಷ್ಟರಲ್ಲಿ ಊರಲ್ಲಿ ಬೇರೆ ಫಜೀತಿ ಶುರುವಾಯಿತು. ಜಾಂಬಣ್ಣ ಇಲ್ಲದ ಲಾಂಛನದಲ್ಲಿ ಉಳಿದದ್ದು ಆ ಮೀಸೆಯವನೊಬ್ಬನೇ. ಪುರಸಭೆಯ ಮೊಹರು ಒತ್ತಿದರೆ ಮೀಸೆಯವನು. ಶಾಲೆ ಮಕ್ಕಳ ಎದೆಯ ಮೇಲೆ ಮೀಸೆಯವನು. ಬ್ರೆಡ್ಡಿನ ಕವರ್ ನೋಡಿ ಸಣ್ಣ ಮಕ್ಕಳು ರಂಪ ಮಾಡಿ ಅತ್ತವು. ನೇಕಾರರ ಬೀದಿಯ ಇಂದ್ರಾಣಿ ಅನ್ನುವ ಹುಡುಗಿ ತನ್ನ ಮದುವೆ ಪತ್ರ ತೆಗೆದುಕೊಂಡು ಬಂದು ಗುರುಪಾದಪ್ಪನ ಮೇಜಿನ ಮೇಲೆ ಕುಕ್ಕಿದಳಂತೆ.

"ಮಾವ, ನಾನು ಮದುವೆ ಆಗಿರೋದು ಇವರನ್ನ" ಅಂತ ಪಕ್ಕದಲ್ಲಿದ್ದ ಗಂಡನನ್ನು ತೋರಿಸಿ, "ಪತ್ರದಲ್ಲಿರೋ ಈ ಮೀಸೆಯೋನು ಯಾರು? ಇದನ್ನ ನಮ್ಮ ಅತ್ತೆ ಮನೆ ಗೋಡೆಗೆ ಹಾಕೋಕಾಯ್ತದಾ?" ಅಂತ ಕೇಳಿದಳಂತೆ.

ಊರಿಗೆ ಇದು ನಗುವ ವಿಷಯವಾಗಿತ್ತು. ನನಗೆ ಆಗಿರಲಿಲ್ಲ. ಒಂದು ಬೆಳಗ್ಗೆ ಜಗಲಿ ಗುಡಿಸುವಾಗ ಜಾಂಬಣ್ಣ ಮಲಗಿದ್ದ ಕಡೆ ಕಪ್ಪು ಪುಡಿ ಕಂಡಿತು. ಮಣ್ಣೇನೋ ಅಂತ ಗುಡಿಸಿದೆ. ಮಾರನೆಯ ದಿನ ಮತ್ತೆ ಇತ್ತು. ಅವನ ಬೆನ್ನು ಸವರಿದರೆ ಅಂಗೈಗೆ ಕಲ್ಲಿನ ಪುಡಿ ಮೆತ್ತಿಕೊಂಡಿತು. ಕಿವಿಯ ಅಂಚು ಉದುರಿತ್ತು. ಗುರಾಣಿ ಬಿಟ್ಟು ಇಷ್ಟು ದಿನ ಅವನು ಯಾವತ್ತೂ ಇದ್ದವನಲ್ಲ. ಹೀಗೇ ಬಿಟ್ಟರೆ ಉದುರಿ ಉದುರಿ ಒಂದು ದಿನ ನನ್ನ ಜಗಲಿಯ ಮೇಲೆ ಬರೀ ಒಂದು ಗುಡ್ಡೆ ಪುಡಿ ಉಳಿಯುತ್ತದೆ ಅಂತ ಅವತ್ತು ಅರ್ಥವಾಯಿತು. ಬಾಯಿಗೆ ಬೆಲ್ಲ ಇಟ್ಟರೆ ತಿನ್ನಲಿಲ್ಲ. ಬೈದೆ. ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡ. ಕೂತು ಅತ್ತುಬಿಟ್ಟೆ. ನನ್ನ ಬೈಗುಳಕ್ಕೂ ಬಾಲ ಅಲ್ಲಾಡಿಸಲಿಲ್ಲವಲ್ಲ ಅವನು.

ಕಾಳಾಚಾರಿಯವರ ಮನೆಗೆ ಓಡಿದೆ. "ಆಚಾರ್ರೇ, ಆ ಮುಖ ಕಿತ್ತುಹಾಕಿ. ಮೊದಲಿನ ಹಾಗೆ ಮಾಡಿಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದೆ.

"ಮುಖ ತೆಗೀಬೋದು ತಾಯಕ್ಕ. ಆದ್ರೆ ಮೇಲಿದ್ದ ಸುತ್ತನ್ನ ಒಡೆದು ಮೊನೆ ಮಾಡಿಬಿಟ್ಟೆನಲ್ಲ. ಕಲ್ಲಿಂದ ತೆಗೆದದ್ದನ್ನ ಮತ್ತೆ ಕೂಡಿಸೋಕೆ ನನ್ನಪ್ಪನ ಕೈಲೂ ಆಗ್ತಿರಲಿಲ್ಲ" ಅಂದರು. ಅವರ ಮುಖವೂ ಬಾಡಿತ್ತು. ಮೊಮ್ಮಗಳು ಅಂದಿನಿಂದ ತಾತನ ಹತ್ತಿರ ಮಾತು ಬಿಟ್ಟಿದ್ದಳಂತೆ.

ಅಲ್ಲಿಂದ ನೇರ ಪುರಸಭೆಗೆ ಹೋದೆ. ಗುರುಪಾದಪ್ಪ ಕುರ್ಚಿಯಿಂದ ಎದ್ದು ನಿಂತ. ಅವನೂ ನಿದ್ದೆ ಮಾಡಿದಂತೆ ಕಾಣಲಿಲ್ಲ.

"ಅವನು ಉದುರಿ ಹೋಗ್ತಾವ್ನೆ ಗುರುಪಾದಪ್ಪ" ಅಂದೆ.

"ಗೊತ್ತು ತಾಯಕ್ಕ. ದಿನಾ ನಿಮ್ಮ ಜಗಲಿ ಮುಂದೆ ಹಾದು ಬರ್ತೀನಿ. ನಾನೇನು ಮಾಡ್ಲಿ ಹೇಳು? ಅವನಿಗೇನು ಬೇಕು ಅಂತ ನಿನಗಾದ್ರೂ ಗೊತ್ತಾ?"

ಗೊತ್ತಿರಲಿಲ್ಲ. ನನ್ನತ್ರ ಮಾತಾಡುತ್ತಾನೆ ಅಂತ ಸಭೆಯಲ್ಲಿ ಜಂಭ ಕೊಚ್ಚಿದವಳು ನಾನೇ.

"ಮಂತ್ರಿಗಳು ಬರೋದು ಪಕ್ಕಾ ಆಗಿದೆ. ಗುರಾಣಿ ಖಾಲಿ ತೋರಿಸೋಕಾಗಲ್ಲ. ಸಿಮೆಂಟಿನ ಸಿಂಹ ಮಾಡೋಕೆ ಹೇಳಿದ್ದೀನಿ. ಹಬ್ಬದ ಬೆಳಗ್ಗೆಯೊಳಗೆ ಅವನು ಹತ್ತಿದ್ರೆ ಸರಿ. ಇಲ್ಲದಿದ್ರೆ ಸಿಂಹ ಕೂರಿಸ್ತೀನಿ" ಅಂದ.

"ಸಿಂಹ ಕೂತುಬಿಟ್ರೆ ಅವನು ಎಲ್ಲಿಗೆ ಹತ್ತಬೇಕು?"

ಗುರುಪಾದಪ್ಪ ಕಿಟಕಿಯ ಕಡೆ ತಿರುಗಿದ. ಸಿಂಹ ಒಳಗೆ ಹೋಯಿತೆಂದರೆ ಜಾಂಬಣ್ಣನಿಗೆ ಜಾಗವಿಲ್ಲ, ಜಾಗವಿಲ್ಲದಿದ್ದರೆ ಅವನು ಉಳಿಯುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಹಬ್ಬದ ಬೆಳಗ್ಗೆ ಲಾರಿಯಲ್ಲಿ ಸಿಂಹ ಬಂತು. ಹಳದಿ ಬಣ್ಣ, ಕೆಂಪು ನಾಲಿಗೆ, ನೋಡಿದರೆ ಹಲ್ಲುನೋವು ಬಂದ ಬೆಕ್ಕಿನಂತೆ ಇತ್ತು. ಗೋಡೆಗೆ ಸಾರುವೆ ಕಟ್ಟಿ, ರಾಟೆ ಹಾಕಿ, ಹಗ್ಗ ಬಿಗಿದರು. ಸಿಂಹ ಕೂರಿಸಲು ಕಾಳಾಚಾರಿ ಸಾರುವೆಯ ಮೇಲೆ ಕಾಯುತ್ತಿದ್ದರು. ಊರೆಲ್ಲ ಸೇರಿತ್ತು. ನಲ್ಲಿಯ ಕಡೆಯಿಂದ ನೀರು ಹೊತ್ತು ಬರುತ್ತಿದ್ದ ಹೆಂಗಸರು ಕೊಡ ಇಳಿಸಿ ನಿಂತಿದ್ದರು. ನಾನು ಜಾಂಬಣ್ಣನ ಕೊರಳಿಗೆ ಕೈ ಹಾಕಿ ನಿಧಾನಕ್ಕೆ ನಡೆಸಿಕೊಂಡು ಬಂದೆ. ದಾರಿಯುದ್ದಕ್ಕೂ ಪುಡಿ ಉದುರುತ್ತಿತ್ತು. ಜನ ಸದ್ದಿಲ್ಲದೆ ದಾರಿ ಬಿಟ್ಟರು.

ಸಿಂಬಿ ತಲೆಗಿಟ್ಟುಕೊಂಡೆ. ನಮ್ಮವ್ವನ ಹಳೇ ಕೆಂಪು ಚೌಕಳಿ ಸೀರೆಯ ತುಂಡು ಅದು. ಗೋಡೆಯ ಬುಡದಲ್ಲಿ, ನೇತಾಡುವ ಸಿಂಹದ ನೇರ ಕೆಳಗೇ ಕೂತೆ.

"ತಾಯಕ್ಕ, ಏಳು. ಹಗ್ಗ ಜಾರಿದ್ರೆ ಏನು ಗತಿ?" ಗುರುಪಾದಪ್ಪ ಕೂಗಿದ.

"ಜಾರಿಸಿ ನೋಡು" ಅಂದೆ. "ಬಾರೋ ಜಾಂಬಣ್ಣ. ಇದೊಂದು ಸಲ ಬಾರೋ ನನ್ನಪ್ಪ. ಹಾಳಾದೋನೇ, ನಿನ್ನ ಬಿಟ್ಟು ನಾನು ಯಾರನ್ನ ಬೈಕೊಂಡಿರ್ಲಿ?"

ಅವನು ಬಂದ. ಗೋಡೆಗೆ ಕೈ ಊರಲಿಲ್ಲ. ಬಾಗಿ ನನ್ನ ತಲೆಯ ಮೇಲಿದ್ದ ಸಿಂಬಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿಕೊಂಡ. ಆಮೇಲೆ ಬರಿದಲೆಯ ಮೇಲೆ ಕಾಲಿಟ್ಟ. ಅಯ್ಯೋ ಶಿವನೇ, ಉಗುರು ನೆತ್ತಿಗೆ ಇಳಿಯಿತು. ಹಲ್ಲು ಕಚ್ಚಿ ಎದ್ದೆ. ಮೇಲೆ ಅವನೇನು ಮಾಡುತ್ತಿದ್ದಾನೆ ಅಂತ ನನಗೆ ಕಾಣುವಂತಿರಲಿಲ್ಲ. ಜನ "ಓ" ಅಂದದ್ದು ಕೇಳಿತು. ಸಿಂಬಿ ನನ್ನ ಕಾಲ ಬಳಿ ಬಿತ್ತು. ಅವನು ಇಳಿದ, ಸಿಂಬಿ ಕಚ್ಚಿಕೊಂಡ, ಮತ್ತೆ ನನ್ನ ತಲೆ ಮೇಲೆ ಕಾಲಿಟ್ಟ. ಮತ್ತೆ ಎದ್ದೆ. ಮತ್ತೆ ಸಿಂಬಿ ಬಿತ್ತು.

ಮೇಲಿನಿಂದ ಕಾಳಾಚಾರಿಯವರ ದನಿ ಕೇಳಿತು.

"ತಾಯಕ್ಕ... ಇವನು ಸಿಂಬಿನ ಆ ತಲೆ ಮೇಲೆ ಇಡೋಕೆ ನೋಡ್ತಾವ್ನೆ. ಮೊನೆ ಇರೋದಕ್ಕೆ ನಿಲ್ತಾ ಇಲ್ಲ. ಅಯ್ಯೋ, ನಾನು ಒಡೆದ ಸುತ್ತು ಕಿರೀಟ ಅಲ್ಲ ಕಣ್ರಪ್ಪೋ. ಸಿಂಬಿ! ಅದು ಸಿಂಬಿ!"

ಇಷ್ಟು ವರ್ಷ ಹಗಲು ಆ ಸುತ್ತನ್ನು ತೊಳೆದು, ಸಂಜೆ ಅಂಥದ್ದೇ ಸಿಂಬಿಯನ್ನು ತಲೆಗಿಟ್ಟುಕೊಂಡಿದ್ದೇನೆ. ನಮ್ಮವ್ವನೂ ತೊಳೆದಳು, ನಮ್ಮಜ್ಜಿಯೂ ತೊಳೆದಳು. ಕಣ್ಣೆದುರಿಗೇ ಇತ್ತು.

ನಾನು ಜನರ ಕಡೆ ತಿರುಗಿದೆ. ಹಣೆಯ ಮೇಲೆ ರಕ್ತ ಇಳಿಯುತ್ತಿತ್ತು, ಒರೆಸಲಿಲ್ಲ. "ಕರಡಿ ಗೋಡೆ ಮೇಲೆ ನಿಂತು ಅಬ್ಬರಿಸ್ತು ಅಂತೀರಲ್ಲ, ಆ ಗೋಡೆ ಹತ್ತಿದ್ದು ಹೇಗೆ ಅಂತ ಯಾವತ್ತಾದ್ರೂ ಕೇಳಿದ್ದೀರಾ? ಕರಡಿಗೆ ಮರ ಹತ್ತೋದು ಗೊತ್ತು. ಈ ನುಣ್ಣನೆ ಕಲ್ಲು ಹತ್ತೋದು ಗೊತ್ತಾ? ನೋಡಿ, ಕೈಯಿಟ್ಟರೆ ಜಾರ್ತದೆ. ಯಾರೋ ಒಬ್ಬಳು ಬೆಳಗಿನ ಜಾವ ನೀರಿಗೆ ಹೊರಟಿದ್ಲು. ಕೊಡ ಕೆಳಗಿಟ್ಟು ತಲೆ ಕೊಟ್ಟಳು. ಅವಳು ಎತ್ತಿದ್ದಕ್ಕೆ ಅವನು ಹತ್ತಿದ. ಅವನಿಗೆ ನೆನಪಿದೆ, ನಾವು ಮರೆತ್ವಿ. ಮರೆತದ್ದು ಸಾಲದು ಅಂತ ಅವಳ ಮುಖಕ್ಕೆ ಶತ್ರುವಿನ ಮೀಸೆ ಬರೆದ್ವಿ!"

ಗುರುಪಾದಪ್ಪನ ಗರಡಿಯ ಗೋಡೆಯ ತುಂಬ ಆ ಶತ್ರುವಿನ ತಲೆಯ ಚಿತ್ರವೇ ಇತ್ತು. ಅದನ್ನು ನೋಡಿಕೊಂಡೇ ತೊಡೆ ತಟ್ಟಿ ಬೆಳೆದವನು. ಅಷ್ಟರಲ್ಲಿ ದೂರದಲ್ಲಿ ಮಂತ್ರಿಗಳ ಕಾರಿನ ಸೈರನ್ ಕೇಳಿತು. ಎಲ್ಲರೂ ಅವನನ್ನೇ ನೋಡಿದರು. ಅವನು ಜಾಂಬಣ್ಣನನ್ನು ನೋಡಿದ. ಜಾಂಬಣ್ಣ ಸಿಂಬಿ ಕಚ್ಚಿಕೊಂಡು ನನ್ನ ಪಕ್ಕ ಕೂತಿದ್ದ, ಅವನ ಹೆಗಲಿನಿಂದ ಹಿಡಿ ಗಾತ್ರದ ಚೂರೊಂದು ಉದುರಿ ಬಿತ್ತು.

"ಹೊಡೀರಿ ಆಚಾರ್ರೇ" ಅಂದ ಗುರುಪಾದಪ್ಪ. "ಆ ಮೀಸೆ, ಆ ಕಿರೀಟ, ಎಲ್ಲಾ ಹೊಡೀರಿ. ಸಿಂಹ ಕೆಳಗಿಳಿಸ್ರೋ! ಮಂತ್ರಿಗಳು ಬಂದ್ರೆ ಸ್ವಲ್ಪ ಕಾಯ್ತಾರೆ."

ಕಾಳಾಚಾರಿಯವರ ಸುತ್ತಿಗೆ ಹಾಗೆ ಆಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೊನೆಗಳು ಹಾರಿದವು, ಮೀಸೆ ಹಾರಿತು, ಮೂಗು ಹಾರಿತು. ಕೊನೆಗೆ ಬೋಳು ಗುಂಡೊಂದು ಉಳಿಯಿತು. ಅವರು ಅದನ್ನು ತಮ್ಮ ಪಂಚೆಯ ತುದಿಯಿಂದ ಒರೆಸಿ, ಕೈ ಮುಗಿದು ಪಕ್ಕಕ್ಕೆ ಸರಿದರು.

ನಾನು ಕೂತೆ. ಜಾಂಬಣ್ಣ ಸಿಂಬಿ ಕಚ್ಚಿಕೊಂಡು ಕಾಲಿಟ್ಟ. ಏಳಲು ನೋಡಿದೆ. ಆಗಲಿಲ್ಲ. ಆಗಲೇ ಎರಡು ಸಲ ಎತ್ತಿ ನನ್ನ ಸೊಂಟ ಸೋತಿತ್ತು, ಅವನೋ ಅರ್ಧ ಕಲ್ಲಾಗಿದ್ದ, ಬಂಡೆಯ ಭಾರ. ಮತ್ತೆ ನೋಡಿದೆ. ಕಣ್ಣು ಕತ್ತಲೆ ಬಂತು. ಇಷ್ಟು ಹತ್ತಿರ ಬಂದು ನನ್ನ ಕಾಲಿನಿಂದಲೇ ಅವನು ಉಳಿಯದೆ ಹೋಗುತ್ತಾನಲ್ಲಪ್ಪ ಅಂದುಕೊಂಡೆ.

ಗುರುಪಾದಪ್ಪ ಅಂಗಿ ತೋಳು ಮಡಚಿಕೊಂಡು ಮುಂದೆ ಬಂದ. ಅವನಿಗಿಂತ ಮುಂಚೆ ಬಂದವಳು ಇಂದ್ರಾಣಿ. ನನ್ನ ಎಡತೋಳಿನ ಕೆಳಗೆ ಕೈ ಕೊಟ್ಟಳು. ನೀರಿನ ಕೊಡ ಇಳಿಸಿ ನಿಂತಿದ್ದ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಬಂದರು. ಒಬ್ಬಳು ಸೊಂಟ ಹಿಡಿದಳು, ಒಬ್ಬಳು ಬಲತೋಳು, ಇನ್ನೊಬ್ಬಳು ನನ್ನ ಬೆನ್ನಿಗೆ ತನ್ನ ಬೆನ್ನು ಕೊಟ್ಟಳು. ಅವರ ತಲೆಗಳ ಮೇಲೆ ಸಿಂಬಿ ಇನ್ನೂ ಹಾಗೇ ಇದ್ದವು.

"ಏಳು ತಾಯಕ್ಕ!"

"ಎದ್ದೇಳೇ ಅಕ್ಕ, ನಾವಿದ್ದೀವಿ!"

"ಇವತ್ತು ಬಾಯಿಗೇನಾಗಿದೆ ನಿನಗೆ? ಬೈಯಿ ಅವನ್ನ!"

ಬೈದೆ. ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ, ಮಂತ್ರಿಗಳ ಕಾರು ಬಂದು ನಿಂತದ್ದು ಗೊತ್ತಿದ್ದೂ ಬೈದೆ. ಮಂಡಿ ಬಿಚ್ಚಿತು. ಸೊಂಟ ನೆಟ್ಟಗಾಯಿತು. ಎದ್ದೆವು, ನಾವೆಲ್ಲ ಒಟ್ಟಿಗೆ. ತಲೆಯ ಮೇಲಿನ ಭಾರ ಒಂದು ಕ್ಷಣ ತಡೆಯಿತು, ಆಮೇಲೆ ಇದ್ದಕ್ಕಿದ್ದಂತೆ ಇಲ್ಲವಾಯಿತು.

ನಾನು ಹಿಂದಕ್ಕೆ ಸರಿದು ತಲೆಯೆತ್ತಿದೆ. ಜಾಂಬಣ್ಣ ಗುರಾಣಿಯೊಳಗೆ ನಿಂತಿದ್ದ. ಕಿವಿಯ ಅಂಚು ತುಂಬಿಕೊಂಡಿತ್ತು, ಹೆಗಲು ತುಂಬಿಕೊಂಡಿತ್ತು, ಮೈ ಎಣ್ಣೆ ಹಚ್ಚಿದಂತೆ ಕಪ್ಪಗೆ ಮಿರಿಮಿರಿ ಅನ್ನುತ್ತಿತ್ತು. ಅವನ ಕಾಲ ಕೆಳಗೆ ಸಿಂಬಿ, ಸಿಂಬಿಯ ಕೆಳಗೆ ಆ ಬೋಳು ಗುಂಡು. ನಾವು ನೋಡುತ್ತಿದ್ದಂತೆ ಗುಂಡಿನ ಮೇಲೆ ಮೊದಲು ಒಂದು ಓಲೆ ಮೂಡಿತು, ಆಮೇಲೆ ಕಿವಿ, ಆಮೇಲೆ ಕತ್ತಿನ ಮೇಲೆ ಸಡಿಲ ತುರುಬು. ಮೂಗುಬೊಟ್ಟು. ಉಬ್ಬಿದ ಕೆನ್ನೆ. ಬಾಯಿ ಅರ್ಧ ತೆರೆದಿತ್ತು. ನನಗೆ ನೋಡಿದ ಕೂಡಲೇ ತಿಳಿಯಿತು. ಅವಳು ಬೈಯುತ್ತಿದ್ದಳು.

"ಹೆಂಗಸು!" ಅಂತ ಯಾರೋ ಅಂದರು. ಆಗ ಎದ್ದ ಕೂಗು ಗೋಡೆಗೆ ಬಡಿದು ಹಿಂದಕ್ಕೆ ಬಂತು. ಗರಡಿಯ ಹುಡುಗರೇ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದರು. ಮಕ್ಕಳು ತಮ್ಮ ಎದೆಯ ಬಿಲ್ಲೆ ನೋಡಿಕೊಂಡು ಕುಣಿದಾಡಿದವು. ಅಲ್ಲೂ ಅವಳೇ, ಜಾಂಬಣ್ಣನನ್ನು ಹೊತ್ತುಕೊಂಡು. ಇಂದ್ರಾಣಿ ರವಿಕೆಯೊಳಗೆ ಮಡಚಿಟ್ಟಿದ್ದ ಮದುವೆ ಪತ್ರ ತೆಗೆದು ನೋಡಿದಳು, ಗಂಡನಿಗೆ ತೋರಿಸಿದಳು, ಆಮೇಲೆ ಬೀದಿಯಲ್ಲಿದ್ದವರಿಗೆಲ್ಲ ತೋರಿಸುತ್ತಾ ಹೋದಳು. ಮಂತ್ರಿಗಳು ಕಾರಿನಿಂದ ಇಳಿದು ಏನಾಯಿತು ಅಂತ ಕೇಳಿದರು. ಎಲ್ಲರೂ ಒಟ್ಟಿಗೆ ಹೇಳಲು ಹೋಗಿ ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ನಗುತ್ತಾ ಚಪ್ಪಾಳೆ ಹೊಡೆದರು ಪಾಪ.

ಗುರುಪಾದಪ್ಪ ಭಾಷಣಕ್ಕೆ ನಿಂತವನು ಬರೆದುಕೊಂಡು ಬಂದಿದ್ದನ್ನು 'ಶತ್ರುವಿನ ತಲೆ' ಅಂತ ಶುರುಮಾಡಿ ನಿಲ್ಲಿಸಿದ. ಹಾಳೆ ಮಡಚಿ ಜೇಬಿಗಿಟ್ಟ. "ನಮ್ಮೂರನ್ನ ಒಬ್ಬಳು ಎತ್ತಿದ್ಲು. ಅಷ್ಟೇ ಗೊತ್ತು" ಅಂತ ಹೇಳಿ ಕೂತುಬಿಟ್ಟ. ಅವನ ಜೀವನದಲ್ಲಿ ಅಷ್ಟು ಚಿಕ್ಕ ಭಾಷಣ ಮಾಡಿದ್ದು ಅದೊಂದೇ. ಸಿಂಹ ಈಗ ಬಸ್ ಸ್ಟ್ಯಾಂಡಿನಲ್ಲಿದೆ, ಕಾಯುವವರು ಅದರ ಬಾಲಕ್ಕೆ ಚೀಲ ನೇತುಹಾಕುತ್ತಾರೆ.

ಕೆಲವು ದಿನ ಕಳೆದು ಗುರುಪಾದಪ್ಪ ನಮ್ಮ ಜಗಲಿಗೆ ಬಂದ. ಊರಬಾಗಿಲಲ್ಲಿ ಹೊಸ ಫಲಕ ಹಾಕಿಸುತ್ತಾನಂತೆ. ಕರಡಿಯ ಹೆಸರು ಬರೆಸಿಯಾಗಿದೆ, ಕೆಳಗಿನವಳ ಹೆಸರೇನಂತ ಬರೆಸಲಿ ಅಂತ ಕೇಳಿದ. "ನಿಮ್ಮ ಮನೆತನದೋಳೇ ಇರಬೇಕು ತಾಯಕ್ಕ. ನಿಮ್ಮ ಮನೆ ಹೆಸರೇ ಹಾಕಿಸ್ಲಾ?" ಅಂದ.

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಇಡೀ ಊರು ಓದುವ ಫಲಕದ ಮೇಲೆ ನಮ್ಮ ಮನೆ ಹೆಸರು! ನಾಲಿಗೆಯ ತುದಿಗೆ ಬಂದಿತ್ತು. ಆಗ ನಲ್ಲಿಯ ಕಡೆಯಿಂದ ಹೆಂಗಸರು ಸಾಲಾಗಿ ಬರುತ್ತಿದ್ದರು, ಇಂದ್ರಾಣಿ ಮುಂದೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ತುಂಬಿದ ಕೊಡ. ಅವತ್ತು ನನ್ನ ಸೊಂಟ ಹಿಡಿದವಳು ಯಾರು, ಬೆನ್ನು ಕೊಟ್ಟವಳು ಯಾರು ಅಂತ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ.

"ನೀರಿಗೆ ಹೊರಟವಳು ಅಂತ ಬರೆಸು" ಅಂದೆ.

ಹಾಗೇ ಬರೆಸಿದ. ನೋಡಬೇಕಾದರೆ ಬನ್ನಿ, ಬಲಗಡೆ ಗೋಡೆ, ಎರಡಾಳೆತ್ತರ. ಕಲ್ಲೆಲ್ಲ ಕಪ್ಪು, ಸಿಂಬಿಯಲ್ಲಿ ಮಾತ್ರ ಕೆಂಪು ಚೌಕಳಿ ಇನ್ನೂ ಕಾಣುತ್ತದೆ. ನಮ್ಮವ್ವನ ಸೀರೆ ಅದು. ಈ ಸಲ ತೊಳೆಯುವಾಗ ಜಾಂಬಣ್ಣ ಕೆಳಗಿಳಿದ ಮೇಲೆ ಮುಟ್ಟಿ ನೋಡಿದೆ, ಕಲ್ಲೇ. ನಾನು ಹೊಸ ಸಿಂಬಿ ಸುತ್ತಿಕೊಂಡೆ.